ಎಸ್ಲಿಂಗೆನ್‌ನಿಂದ ಪಪ್ಪನಿಗೆ

ಎಸ್ಲಿಂಗೆನ್, ಜರ್ಮನಿ,
ಅಕ್ಟೋಬರ್ 8

ಪ್ರೀತಿಯ ಪಪ್ಪನಿಗೆ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಪ್ರವೀಣ, ಸುನೀತಕ್ಕ ಮತ್ತು ಮಕ್ಕಳು ಸೌಖ್ಯವಾಗಿದ್ದಾರೆಂದು ನಂಬಿದ್ದೇನೆ.

ಅಮ್ಮನ ಪತ್ರ ಗುರುವಾರ ಕೈಸೇರಿತು. ಫೋನು ಮಾಡುವಾಗ ನೀವು ಪಕ್ಕದಲ್ಲೇ ಕುಳಿತಿರುತ್ತೀರಾದ್ದರಿಂದ ಹೇಳಲಾಗದ ಮಾತನ್ನು ಅವರು ಕಾಗದದಲ್ಲಿ ಬರೆದಿದ್ದಾರೆ. ದಯಮಾಡಿ ಅವರ ಮೇಲೆ ಕೋಪಿಸಿಕೊಳ್ಳಬೇಡಿ. ನಾನೂ ಕಾಗದದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀವು “ಆಯಿತು ಮಗಾ, ಪ್ರಾರ್ಥನೆ ಮಾಡು” ಎಂದು ಮಾತು ಮುಗಿಸಿಬಿಡುತ್ತೀರಿ.

ಮಣಿಪಾಲದ ವೈದ್ಯರು ಹೃದಯದ ಬೈಪಾಸ್ ಆಪರೇಷನ್ನಿಗೆ ಎರಡು ಸಲ ದಿನ ಗೊತ್ತುಮಾಡಿದರೂ ನೀವು ಎರಡು ಸಲವೂ ಹೋಗಲಿಲ್ಲವೆಂದೂ, ವರ್ಷಾಂತ್ಯದ ರಾತ್ರಿಯ ಆರಾಧನೆಯಲ್ಲಿ ಡಬ್ಬಿಯಿಂದ ಎತ್ತಿದಾಗ ನಿಮ್ಮ ಕೈಗೆ ಬಂದ, ವಚನ ಬರೆದ ವಾಗ್ದಾನದ ಕಾರ್ಡನ್ನು ಬೈಬಲಿನಿಂದ ತೆಗೆದು ತೋರಿಸಿ, ಇದಕ್ಕಿಂತ ದೊಡ್ಡ ರಿಪೋರ್ಟು ನನಗೆ ಬೇಡ ಎಂದಿರೆಂದೂ ಅಮ್ಮ ಬರೆದಿದ್ದಾರೆ. ಆ ವಚನ ನನಗೆ ನೆನಪಿದೆ: ನಾನು ಸಾಯುವುದಿಲ್ಲ, ಜೀವದಿಂದಿದ್ದು ಕರ್ತನ ಕ್ರಿಯೆಗಳನ್ನು ಸಾರುವೆನು ಎಂಬ 118ನೆಯ ಕೀರ್ತನೆಯ ಮಾತು. ಇದರ ಮೇಲೆ, ಶುಕ್ರವಾರದ ಪ್ರಾರ್ಥನಾ ಕೂಟಕ್ಕೆ ಬರುವ ಬೋಧಕರೊಬ್ಬರು ಆಪರೇಷನ್ನಿಗೆ ಒಪ್ಪುವುದೆಂದರೆ ಅಪನಂಬಿಕೆ ಎಂದು ಹೇಳಿದರಂತೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪಪ್ಪ, ಆ ವಚನವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. 1530ರಲ್ಲಿ ಕೋಬರ್ಗ್ ಕೋಟೆಯಲ್ಲಿ ತಂಗಿದ್ದಾಗ ಸಭಾ ಸುಧಾರಕರಾದ ಮಾರ್ಟಿನ್ ಲೂಥರ್ ಇದೇ ವಚನವನ್ನು ಗೋಡೆಯ ಮೇಲೆ ಬರೆದುಕೊಂಡಿದ್ದರೆಂದು ಇಲ್ಲಿ ಹೇಳುತ್ತಾರೆ. ಅವರಿಗೆ ಅದು ಧೈರ್ಯ ಕೊಟ್ಟಿತು. ಆದರೆ ಅದೇ ಲೂಥರ್ ಕಾಯಿಲೆ ಬಿದ್ದಾಗ ವೈದ್ಯರನ್ನು ಕರೆಸಿಕೊಂಡರು, ಮತ್ತು 1546ರಲ್ಲಿ ತೀರಿಕೊಂಡರು. ವಚನ ಸುಳ್ಳಾಯಿತೆಂದು ಯಾರೂ ಹೇಳಲಿಲ್ಲ. ಅದು ಆಸ್ಪತ್ರೆಯ ಚೀಟಿಯಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಇಲ್ಲಿಯ ಸಭೆಗಳಲ್ಲಿಯೂ ನಮ್ಮ ಕಾರ್ಡಿನಂಥದೇ ಒಂದು ರೂಢಿಯಿದೆ. ಹೆರ್ನ್‌ಹೂಟ್ ಎಂಬ ಊರಿನ ಸಹೋದರರ ಸಭೆಯವರು 1731ರಿಂದ ಪ್ರತಿ ವರ್ಷವೂ ದಿನಕ್ಕೊಂದು ವಚನದಂತೆ ಪುಸ್ತಕ ಅಚ್ಚು ಹಾಕಿಸುತ್ತಾರೆ. ಅದನ್ನು ‘ಲೋಸುಂಗ್’ ಎನ್ನುತ್ತಾರೆ. ಹಳೆಯ ಒಡಂಬಡಿಕೆಯ ವಚನವನ್ನು ಸುಮಾರು ಮೂರು ವರ್ಷ ಮುಂಚಿತವಾಗಿಯೇ ಚೀಟಿ ಎತ್ತಿ ಆರಿಸುತ್ತಾರೆ. ಅದರ ಜೊತೆಗೆ ಬರುವ ಹೊಸ ಒಡಂಬಡಿಕೆಯ ವಚನವನ್ನು ಮಾತ್ರ ಚೀಟಿಗೆ ಬಿಡದೆ, ಮೊದಲನೆಯದಕ್ಕೆ ಯಾವುದು ಹೊಂದುತ್ತದೆಂದು ಕುಳಿತು ಓದಿ, ಯೋಚಿಸಿ ಗೊತ್ತುಮಾಡುತ್ತಾರೆ. ಬಹಳ ಹಿಂದೆ ಆ ಸಭೆಯವರು ಮದುವೆಯ ಸಂಬಂಧಗಳನ್ನೂ ಚೀಟಿ ಎತ್ತಿಯೇ ನಿಶ್ಚಯಿಸುತ್ತಿದ್ದರು. 19ನೆಯ ಶತಮಾನದಲ್ಲಿ ಆ ಪದ್ಧತಿಯನ್ನು ಬಿಟ್ಟರು, ದಿನದ ವಚನವನ್ನು ಉಳಿಸಿಕೊಂಡರು. ನನಗೆ ಇದು ಬಹಳ ದೊಡ್ಡ ವಿವೇಕವೆಂದು ಕಾಣುತ್ತದೆ. ನಮ್ಮ ವಾರ್ಡಿನಲ್ಲಿ ಎಷ್ಟೋ ಮುದುಕಿಯರ ಹಾಸಿಗೆಯ ಪಕ್ಕದಲ್ಲಿ ಆ ಪುಸ್ತಕವಿರುತ್ತದೆ. ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಆ ದಿನದ ವಚನವನ್ನು ಓದಿ ಹೇಳೆಂದು ನನ್ನನ್ನೇ ಕೇಳುತ್ತಾರೆ. ವಚನ ಕೇಳಿ, ಕಣ್ಣು ಮುಚ್ಚಿ, ಮಂಚದ ಮೇಲೆಯೇ ಥಿಯೇಟರಿಗೆ ಹೋಗುತ್ತಾರೆ. ವಚನ ಸಿಕ್ಕಿತು, ಇನ್ನು ಆಪರೇಷನ್ ಬೇಡವೆಂದು ಎದ್ದು ಮನೆಗೆ ಹೋದವರನ್ನು ನಾನು ಒಬ್ಬರನ್ನೂ ನೋಡಿಲ್ಲ.

ಅರಸನಾದ ಹಿಜ್ಕೀಯನ ಕಥೆಯನ್ನು ಭಾನುವಾರದ ಶಾಲೆಯಲ್ಲಿ ನಮಗೆ ಕಲಿಸಿದವರು ನೀವೇ. ಮರಣಕರವಾದ ರೋಗದಲ್ಲಿ ಆತನು ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದಾಗ, ದೇವರು ಪ್ರವಾದಿಯಾದ ಯೆಶಾಯನ ಬಾಯಿಂದಲೇ ಇನ್ನೂ 15 ವರ್ಷಗಳ ಆಯುಸ್ಸನ್ನು ವಾಗ್ದಾನ ಮಾಡಿದರು. ಅದು ಡಬ್ಬಿಯಿಂದ ಎತ್ತಿದ ಕಾರ್ಡಲ್ಲ. ಹೆಸರು ಹಿಡಿದು, ಲೆಕ್ಕ ಹೇಳಿ ಕೊಟ್ಟ ಮಾತು. ಆದರೂ ಅದೇ ಯೆಶಾಯನು ಅಂಜೂರದ ಹಣ್ಣುಗಳ ಮುದ್ದೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನು. ವಾಗ್ದಾನವಿರುವಾಗ ಔಷಧಿಯೇಕೆ ಎಂದು ಪ್ರವಾದಿಯೂ ಕೇಳಲಿಲ್ಲ, ಅರಸನೂ ಕೇಳಲಿಲ್ಲ. ಪೌಲನು ಲೂಕನನ್ನು ಪ್ರಿಯ ವೈದ್ಯನೆಂದು ಕರೆದು ಜೊತೆಯಲ್ಲೇ ಇಟ್ಟುಕೊಂಡಿದ್ದನು. ಆ ಬೋಧಕರಿಗೆ ಇದೆಲ್ಲ ಗೊತ್ತಿಲ್ಲವೆಂದು ನಾನು ಹೇಳುವುದಿಲ್ಲ, ಆದರೆ ನಿಮ್ಮ ರಕ್ತನಾಳದ ಚಿತ್ರವನ್ನು ಅವರು ನೋಡಿಲ್ಲ. ನಾನು ನೋಡಿದ್ದೇನೆ. ಮೂರು ನಾಳಗಳಲ್ಲಿ ತಡೆಯಿದೆ, ಜೊತೆಗೆ ಸಕ್ಕರೆ ಕಾಯಿಲೆಯಿದೆ; ಇಂಥವರಿಗೆ ಸ್ಟೆಂಟಿಗಿಂತ ಬೈಪಾಸೇ ಒಳ್ಳೆಯದೆಂದು ಇಲ್ಲಿಯ ವೈದ್ಯರೂ ಹೇಳುತ್ತಾರೆ.

ನಮ್ಮ ಸಭೆಯ ಹಿರಿಯರು ಚಿಕಿತ್ಸೆಯೆಂದರೆ ಅಪನಂಬಿಕೆ ಎಂದು ನಂಬಿದ್ದರೆ ಉಡುಪಿಯಲ್ಲಿ ಮಿಷನ್ ಆಸ್ಪತ್ರೆಯೇ ಇರುತ್ತಿರಲಿಲ್ಲ. 1923ರಲ್ಲಿ ಡಾಕ್ಟರ್ ಈವಾ ಲೊಂಬಾರ್ಡ್ ಸ್ವಿಟ್ಜರ್ಲೆಂಡಿನಿಂದ ಬಂದು ಅದನ್ನು ತೆರೆದದ್ದು ಪ್ರಾರ್ಥನೆ ಸಾಲದೆಂದಲ್ಲ. ನೀವು ಹುಟ್ಟಿದ್ದೂ ಅಲ್ಲೇ, ನಾನು ಹುಟ್ಟಿದ್ದೂ ಅಲ್ಲೇ.

ದೇವರ ನಡೆಸುವಿಕೆಯ ಬಗ್ಗೆ ನನಗೆ ತಿಳಿದಿರುವುದೆಲ್ಲ ನಿಮ್ಮಿಂದಲೇ ಕಲಿತದ್ದು. ಮಂಗಳೂರಿನಲ್ಲಿ ಜರ್ಮನ್ ಪರೀಕ್ಷೆಯಲ್ಲಿ ನಾನು ಮೊದಲ ಸಲ ಅನುತ್ತೀರ್ಣಳಾದಾಗ, ಇದು ದೇವರು ಬೇಡವೆಂದ ಗುರುತು ಎಂದು ಅತ್ತಿದ್ದೆ. ಆಗ ನೀವು, ಪ್ರಾರ್ಥಿಸು, ಎರಡನೆಯ ಸಲದ ಅರ್ಜಿಯನ್ನೂ ತುಂಬಿಸು, ಬಾಗಿಲು ಮುಚ್ಚಿದೆಯೋ ಇಲ್ಲವೋ ತಟ್ಟಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ ಎಂದಿರಿ. ಆ ಮಾತಿನಿಂದಲೇ ನಾನು ಇಂದು ಇಲ್ಲಿದ್ದೇನೆ.

ಜರ್ಮನಿಯವರು ದೇವರನ್ನು ಮರೆತಿದ್ದಾರೆ, ಅವರ ಮಾತು ಕೇಳಿ ನಾನೂ ತಣ್ಣಗಾಗಿದ್ದೇನೆ ಎಂದು ರೂಬಿ ಆಂಟಿ ಹೇಳಿದರಂತೆ. ನಮ್ಮ ಆರಾಧನೆಗೆ ನಲವತ್ತು ಜನ ಬಂದರೆ ಹೆಚ್ಚು, ಅವರಲ್ಲಿಯೂ ಬಿಳಿ ಕೂದಲಿನವರೇ ಬಹಳ, ಮುಂದಿನ ಬೆಂಚುಗಳಲ್ಲಿ ಯಾರೂ ಕೂರುವುದಿಲ್ಲ ಎಂಬುದೆಲ್ಲ ನಿಜ. ಸಭೆಯ ವಂತಿಗೆಯನ್ನು ಸರಕಾರವೇ ಸಂಬಳದಲ್ಲಿ ಹಿಡಿಯುತ್ತದೆ, ಆದಾಯ ತೆರಿಗೆಯ ಶೇಕಡಾ 8ರಷ್ಟು. ಅದು ಬೇಡವಾದವರು ಕಚೇರಿಗೆ ಹೋಗಿ ಸಹಿ ಹಾಕಿ ಸಭೆಯನ್ನೇ ಬಿಡುತ್ತಾರೆ. ನನಗೂ ಹಾಗೆ ಮಾಡಲು ಸಲಹೆ ಕೊಟ್ಟವರಿದ್ದಾರೆ. ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಇಲ್ಲಿ ಬ್ರೆಡ್ಡಿನ ಅಂಗಡಿಯವಳೂ “ಗ್ರ್ಯೂಸ್ ಗಾಟ್” ಎಂದು ದೇವರ ಹೆಸರಿನಲ್ಲೇ ವಂದಿಸುತ್ತಾಳೆ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತೆಗೆದ ಮೋಗ್ಲಿಂಗ್ ಅಯ್ಯನವರು ಕಣ್ಣು ಮುಚ್ಚಿದ್ದು ಇದೇ ಎಸ್ಲಿಂಗೆನ್‌ನಲ್ಲಿ ಎಂದು ನಾನು ಹೇಳಿದಾಗ ಸಭಾಪಾಲಕಿಯವರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

ಕಳೆದ ಭಾನುವಾರ ಬೆಳೆಹಬ್ಬವಿತ್ತು. ನಮ್ಮಲ್ಲಿಯಂತೆ ಬಾಳೆಗೊನೆ, ತೆಂಗಿನಕಾಯಿ, ಏಲಂ ಇರಲಿಲ್ಲ. ವೇದಿಯ ಮುಂದೆ ಕುಂಬಳಕಾಯಿ, ದ್ರಾಕ್ಷಿ, ಸೇಬು ಮತ್ತು ದೊಡ್ಡದೊಂದು ರೊಟ್ಟಿ ಇಟ್ಟಿದ್ದರು. ಪ್ರಾರ್ಥನೆಯ ಸಮಯದಲ್ಲಿ ಸಭಾಪಾಲಕಿಯವರು ಭಾರತದಲ್ಲಿರುವ ನಮ್ಮ ಸಹೋದರಿಯ ತಂದೆಗಾಗಿ ಎಂದು ಹೇಳಿ, ಅವರ ಹೃದಯಕ್ಕಾಗಿಯೂ ಅದನ್ನು ಮುಟ್ಟುವ ವೈದ್ಯರ ಕೈಗಳಿಗಾಗಿಯೂ ಬೇಡಿದರು. ನಾನು ಕೇಳಿಕೊಂಡದ್ದು ಮೊದಲನೆಯದನ್ನು ಮಾತ್ರ.

ಭಯಕ್ಕೆ ಏನೂ ಕಾರಣವಿಲ್ಲ, ಪಪ್ಪ, ಖಂಡಿತವಾಗಿಯೂ ಇಲ್ಲ. ವಾರಕ್ಕೆ ಎಷ್ಟೋ ಜನರನ್ನು ನಾನೇ ಎಬ್ಬಿಸಿ ನಡೆಸುತ್ತೇನೆ. ಕೆಮ್ಮುವಾಗ ಎದೆಗೆ ದಿಂಬನ್ನು ಅವುಚಿಕೊಳ್ಳಬೇಕು. ಚೆಂಡುಗಳಿರುವ ಕೊಳವೆಯಲ್ಲಿ ಉಸಿರೆಳೆಯುವ ಅಭ್ಯಾಸವನ್ನು ಈಗಿನಿಂದಲೇ ಮಾಡಿದರೆ ಒಳ್ಳೆಯದು, ಪ್ರವೀಣ ಅದನ್ನು ಔಷಧದ ಅಂಗಡಿಯಿಂದ ತರಲಿ. ಎದೆಯ ಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು, ಅಷ್ಟರವರೆಗೆ ಕೊಡಪಾನ ಎತ್ತಬಾರದು. ಖರ್ಚಿನ ಮಾತನ್ನು ಎತ್ತಲೇಬೇಡಿ. ಹಣ ತೆಗೆದಿಟ್ಟಿದ್ದೇನೆ, ಬೇಕಾದುದಕ್ಕಿಂತ ಹೆಚ್ಚೇ ಇದೆ, ನನಗಿಲ್ಲಿ ಯಾವ ಕೊರತೆಯೂ ಇಲ್ಲ. ರಜೆ ಕೇಳಿದ್ದೇನೆ, ದಿನ ಗೊತ್ತಾದ ಕೂಡಲೇ ಹೊರಡುತ್ತೇನೆ. ನೀವು ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನಮ್ಮ ಸಭಾಪಾಲಕರನ್ನೂ ಹಿರಿಯರನ್ನೂ ಮನೆಗೆ ಕರೆಸಿ, ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆದಂತೆ ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಆ ಕಾರ್ಡನ್ನು ತೆಗೆದಿಡಬೇಡಿ, ಆಸ್ಪತ್ರೆಗೂ ತೆಗೆದುಕೊಂಡು ಹೋಗಿ.

ರಾತ್ರಿ ಪಾಳಿಗೆ ಹೊತ್ತಾಯಿತು, ಬಸ್ಸು ಹಿಡಿಯಬೇಕು. ಅಮ್ಮನಿಗೆ ಬೇರೆ ಬರೆಯುತ್ತೇನೆ. ಸೋಮವಾರ ಪ್ರವೀಣನೊಂದಿಗೆ ಮಣಿಪಾಲಕ್ಕೆ ಹೋಗಿ ದಿನ ಗೊತ್ತುಮಾಡಿಕೊಂಡು ಬನ್ನಿ, ಬಂದ ಕೂಡಲೇ ಫೋನು ಮಾಡಿ, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಸರಿ.

ನಿಮ್ಮ ಪ್ರೀತಿಯ ಮಗಳು,
ಶೀಲಾ