ಎಡಗಡೆಯ ನಕ್ಷತ್ರವೇ ಬೇರೆ, ಬಲಗಡೆಯದೇ ಬೇರೆ

ಮಾನ್ಯ ಸಂಪಾದಕರೇ,

ಸಿ ಭಾಷೆಯ ಪಾಯಿಂಟರ್ (ಮೆಮೊರಿಯ ವಿಳಾಸವನ್ನು ಇಟ್ಟುಕೊಳ್ಳುವ ವೇರಿಯಬಲ್) ಪಾಠ ಸಾಮಾನ್ಯವಾಗಿ ‘*ಪಿ ಎಂದರೆ ಆ ವಿಳಾಸದಲ್ಲಿರುವ ಬೆಲೆ’ ಎನ್ನುವಲ್ಲಿಗೆ ಮುಗಿದುಬಿಡುತ್ತದೆ. ಅದು ಅರ್ಧ ಮಾತು. ಕಂಪೈಲರ್ ತನ್ನೊಳಗೆ ಬರೆದುಕೊಳ್ಳುವ ಮಧ್ಯಂತರ ಕೋಡನ್ನೂ ವಿದ್ಯಾರ್ಥಿಗಳಿಗೆ ತೋರಿಸಲೇಬೇಕು.

‘*ಪಿ = *ಪಿ + 1’ ಎಂಬ ಸಾಲನ್ನೇ ನೋಡಿ. ಕ್ಲ್ಯಾಂಗ್ ಎಂಬ ಸಿ ಕಂಪೈಲರ್ ಬಳಸುವ ಮಧ್ಯಂತರ ಕೋಡಾದ ಎಲ್‌ಎಲ್‌ವಿಎಂನಲ್ಲಿ ನಕ್ಷತ್ರ ಚಿಹ್ನೆಗೆಂದೇ ಒಂದು ಇನ್‌ಸ್ಟ್ರಕ್ಷನ್ ಇಲ್ಲ. ಬಲಗಡೆಯ ನಕ್ಷತ್ರ ಲೋಡ್ (ಮೆಮೊರಿಯಿಂದ ಓದುವುದು) ಆಗುತ್ತದೆ, ಎಡಗಡೆಯದು ಸ್ಟೋರ್ (ಮೆಮೊರಿಗೆ ಬರೆಯುವುದು):

ಟಿ1 = ಲೋಡ್ ಪಿ
ಟಿ2 = ಟಿ1 + 1
ಸ್ಟೋರ್ ಟಿ2, ಪಿ

ಆಪ್ಟಿಮೈಸೇಶನ್ (ಕೋಡನ್ನು ಚುರುಕುಗೊಳಿಸುವ ಹಂತ) ಇಲ್ಲದೆ ಕಂಪೈಲ್ ಮಾಡಿದರೆ ಮೂರು ಲೋಡ್ ಕಾಣುತ್ತವೆ. ಪಿ ಕೂಡ ಸ್ಟ್ಯಾಕ್ ಎಂಬ ಮೆಮೊರಿ ಭಾಗದಲ್ಲಿರುವ ವೇರಿಯಬಲ್ ತಾನೆ? ಅದರಲ್ಲಿರುವ ವಿಳಾಸವನ್ನೇ ಎರಡು ಸಲ ಓದಬೇಕಾಗುತ್ತದೆ. ಆಪ್ಟಿಮೈಸೇಶನ್ ಹಾಕಿದೊಡನೆ ಆ ಎರಡೂ ಹೋಗಿ, *ಪಿಯ ಲೋಡ್ ಒಂದೇ ಉಳಿಯುತ್ತದೆ. ಎಷ್ಟು ಬೈಟ್ ಓದಬೇಕು ಎಂಬುದೂ ಲೋಡ್‌ನಲ್ಲೇ ಬರೆದಿರುತ್ತದೆ. ಎಲ್‌ಎಲ್‌ವಿಎಂ 15ರಿಂದೀಚೆಗೆ ಪಾಯಿಂಟರ್ ಬರೀ ‘ಪಾಯಿಂಟರ್’, ಅದು ಯಾವ ಟೈಪನ್ನು ತೋರಿಸುತ್ತದೆಂದು ಅದರಲ್ಲಿ ಇರುವುದಿಲ್ಲ.

ಹೆಚ್ಚಿನವರು ಎಡವುವುದು ಹಲವು ಫೀಲ್ಡ್‌ಗಳನ್ನು ಒಟ್ಟಿಗೆ ಇಡುವ ಸ್ಟ್ರಕ್ಟ್‌ನಲ್ಲಿ. ‘ಪಿ->ವಯಸ್ಸು’ ಎಂಬ ಫೀಲ್ಡ್ 8ನೇ ಬೈಟ್‌ನಿಂದ ಶುರುವಾಗುತ್ತದೆ ಎನ್ನೋಣ. ಮೊದಲು ಗೆಟ್‌ಎಲಿಮೆಂಟ್‌ಪಿಟಿಆರ್ ಎಂಬ ಇನ್‌ಸ್ಟ್ರಕ್ಷನ್ ಪಿಗೆ 8 ಕೂಡಿಸುತ್ತದೆ. ಇದು ಬರೀ ಲೆಕ್ಕ, ಮೆಮೊರಿಯನ್ನು ಮುಟ್ಟುವುದೇ ಇಲ್ಲ. ಮುಟ್ಟುವುದು ಆಮೇಲಿನ ಲೋಡ್. ‘&ಪಿ->ವಯಸ್ಸು’ ಎಂದು ಬರೆದರೆ ಆ ಲೋಡ್ ಹುಟ್ಟುವುದೇ ಇಲ್ಲ.

ಲೋಡ್ ಇದ್ದರೆ ಕಂಪೈಲರ್ ಅದರಿಂದ ಒಂದು ತೀರ್ಮಾನಕ್ಕೂ ಬರುತ್ತದೆ: ಇಲ್ಲಿ ಪಿ ನಲ್ (ಏನನ್ನೂ ತೋರಿಸದ, ಓದಬಾರದ ವಿಳಾಸ) ಆಗಿರಲಾರದು. ಹಾಗಾಗಿ ಮೊದಲು ‘ಪಿ->ವಯಸ್ಸು’ ಓದಿ, ಮುಂದಿನ ಸಾಲಿನಲ್ಲಿ ‘ಪಿ ನಲ್ ಆದರೆ ಹಿಂದಿರುಗು’ ಎಂದು ಬರೆದರೆ ಆ ಪರೀಕ್ಷೆಯನ್ನೇ ಅಳಿಸಿಹಾಕಬಹುದು. 2009ರಲ್ಲಿ ಲಿನಕ್ಸ್ ಕರ್ನಲ್‌ನ ಟಿಯುಎನ್ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಆದದ್ದು ಇದೇ. ಜಿಸಿಸಿ ಕಂಪೈಲರ್ ಆ ಪರೀಕ್ಷೆಯನ್ನು ತೆಗೆದುಹಾಕಿತ್ತು, ದಾಳಿಕೋರರಿಗೆ ದಾರಿಯಾಯಿತು. ಆಮೇಲೆ ಕರ್ನಲನ್ನು, ಇಂಥ ಪರೀಕ್ಷೆಗಳನ್ನು ಅಳಿಸಬೇಡ ಎನ್ನುವ ‘-ಎಫ್‌ನೋ-ಡಿಲೀಟ್-ನಲ್-ಪಾಯಿಂಟರ್-ಚೆಕ್ಸ್’ ಆಯ್ಕೆಯೊಂದಿಗೆ ಕಂಪೈಲ್ ಮಾಡತೊಡಗಿದರು. ನಮ್ಮ ಕೋಡ್‌ಗೆ ಮದ್ದು ಇನ್ನೂ ಸರಳ: ಪರೀಕ್ಷೆ ಮೊದಲು, ಓದುವುದು ಆಮೇಲೆ.

ಇದನ್ನು ತರಗತಿಯಲ್ಲಿ ತೋರಿಸಲು ಹೆಚ್ಚೇನೂ ಬೇಡ. ಹತ್ತು ಸಾಲಿನ ಒಂದು ಫಂಕ್ಷನ್ ಬರೆದು, ಕ್ಲ್ಯಾಂಗ್‌ಗೆ ‘-ಎಸ್ -ಎಮಿಟ್-ಎಲ್‌ಎಲ್‌ವಿಎಂ’ ಕೊಟ್ಟು, ಒಮ್ಮೆ ‘-ಓ0’ (ಆಪ್ಟಿಮೈಸೇಶನ್ ಇಲ್ಲದೆ), ಇನ್ನೊಮ್ಮೆ ‘-ಓ1’ (ಆಪ್ಟಿಮೈಸೇಶನ್‌ನೊಂದಿಗೆ) ಹಾಕಿ, ಎರಡೂ ಫೈಲ್‌ಗಳನ್ನು ಪಕ್ಕಪಕ್ಕದಲ್ಲಿ ತೆರೆದು ಲೋಡ್‌ಗಳನ್ನು ಎಣಿಸಲು ಹೇಳಿದರಾಯಿತು.

ಇತಿ,
ಒಬ್ಬ ಓದುಗ