ಕೆರೆಯ ಕಳೆ ತಿನ್ನುವ ಹುಳುಗಳನ್ನು ಕೊಲ್ಲಬೇಡಿ: ನಿವಾಸಿಗಳ ಮನವಿ

ಗೆ,
ಮಾನ್ಯ ಪೌರಾಯುಕ್ತರು, ನಗರಸಭೆ

ವಿಷಯ: ಕೆರೆಗೆ ಕಳೆನಾಶಕ ಹೊಡೆಯುವುದನ್ನು ನಿಲ್ಲಿಸುವ ಬಗ್ಗೆ (ಮತ್ತೆ)

ಮಾನ್ಯರೇ,

ನಮಸ್ಕಾರ. ಕೆರೆ ಯಾವುದು, ನಾವು ಯಾರು ಅಂತ ಹೊಸದಾಗಿ ಹೇಳಬೇಕಿಲ್ಲ. ಹಳೆಯ ಅರ್ಜಿಗಳೆಲ್ಲ ನಿಮ್ಮ ಕಚೇರಿಯಲ್ಲೇ ಇವೆ, ಅಥವಾ ಇರಬೇಕು. ಕೇಳಿದರೆ ಫೈಲ್ ಆರೋಗ್ಯ ವಿಭಾಗದಲ್ಲಿದೆ ಅಂದರು. ಅಲ್ಲಿ ಹೋದರೆ ಎಂಜಿನಿಯರ್ ಹತ್ತಿರ ಅಂದರು. ಎಂಜಿನಿಯರ್ ವರ್ಗವಾಗಿದ್ದರು. ಹೊಸಬರು ಬಂದು ಏರಿ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಹೋದರು, ಆಮೇಲೆ 'ನಿಮ್ಮ ದೂರು ಪರಿಹಾರವಾಗಿದೆ' ಅಂತ ಮೆಸೇಜ್ ಬಂತು. ಏನು ಪರಿಹಾರವಾಯಿತೋ ನಿಮಗೇ ಗೊತ್ತು.

ಈ ಸಲ ಕೆರೆಯಲ್ಲಿ ತೇಲುವ ಜಲಕಳೆ (ವಾಟರ್ ಹಯಸಿಂತ್) ತೆಗೆಯಿರಿ ಅಂತ ಬರೆಯುತ್ತಿಲ್ಲ. ಅದನ್ನು ತಿನ್ನುತ್ತಿದ್ದ ಹುಳುಗಳನ್ನು ನೀವೇ ಕೊಲ್ಲುತ್ತಿದ್ದೀರಿ, ಅದನ್ನು ನಿಲ್ಲಿಸಿ ಅಂತ ಬರೆಯುತ್ತಿದ್ದೇವೆ.

ಎಲೆ ಮೇಲಿನ ಸಣ್ಣ ಕಂದು ಗಾಯಗಳನ್ನು ನಿಮ್ಮವರು ರೋಗ ಅಂದರು. ಅದು ನಿಯೋಕೆಟಿನಾ ಅನ್ನುವ ಮೂತಿ ಹುಳು ಎಲೆಯ ಮೇಲ್ಪದರ ಕೆರೆದು ತಿಂದ ಗುರುತು. ತಿನ್ನುವುದು ಹೆಚ್ಚಾಗಿ ರಾತ್ರಿ, ಹಗಲಲ್ಲಿ ಗಿಡದ ಬುಡದಲ್ಲಿ ಅಡಗಿರುತ್ತದೆ. ಮಟಮಟ ಮಧ್ಯಾಹ್ನ ಜೀಪಿನಿಂದ ಇಳಿಯದೆ 'ಹುಳು ಎಲ್ಲಿದೆ?' ಅಂದರೆ ಕಾಣುತ್ತದೆಯೇ? ಮರಿಹುಳು ತೊಟ್ಟಿನೊಳಗೆ ಕೊರೆಯುತ್ತಾ ಬುಡಕ್ಕೆ ಇಳಿಯುತ್ತದೆ, ಆಮೇಲೆ ನೀರೊಳಗಿನ ಬೇರಿಗೆ ಅಂಟಿಕೊಂಡು ಗೂಡು ಕಟ್ಟುತ್ತದೆ. ಔಷಧಿ ಹೊಡೆದು ಗಿಡ ಕೊಳೆಸಿದರೆ ಮರಿ, ಗೂಡು ಎಲ್ಲ ಅದರ ಜೊತೆಗೇ ಮುಳುಗುತ್ತವೆ. ಅಂಚಿನಲ್ಲಿ ಉಳಿದ ನಾಲ್ಕು ಗಿಡಗಳು ಒಂದೆರಡು ವಾರದಲ್ಲೇ ದುಪ್ಪಟ್ಟಾಗಬಲ್ಲವು. ಹುಳುವಿನ ಒಂದು ತಲೆಮಾರಿಗೆ ಸುಮಾರು ಮೂರು ತಿಂಗಳು ಬೇಕು. ಹೀಗಾದರೆ ಹುಳು ಸೋಲುತ್ತದೆ, ಗೆಲ್ಲುವುದು ಪ್ರತಿ ವರ್ಷದ ಟೆಂಡರ್, ಅಲ್ವಾ?

'ಹುಳು ಬೆಳೆಗೆ ಬಂದರೆ?' ಅಂತ ನಿಮ್ಮ ಕಚೇರಿಯಲ್ಲೇ ಹೆದರಿಸಿದರು. ಬೇರೆ ಗಿಡಗಳ ಮೇಲೆ ಪರೀಕ್ಷೆ ಮಾಡಿಯೇ ಇದನ್ನು ದೇಶಕ್ಕೆ ತಂದದ್ದು. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ಕಳೆ ಹತೋಟಿಗೆ ತಂದಿದ್ದರು. ವಿಕ್ಟೋರಿಯಾ ಸರೋವರದಲ್ಲಿ ಉಗಾಂಡ 1995ರಲ್ಲಿ ಬಿಟ್ಟಿತು, ಅಲ್ಲೂ ಕಳೆ ಇಳಿಯಲು ಕೆಲವು ವರ್ಷ ಬೇಕಾಯಿತು. ಅಷ್ಟು ತಾಳ್ಮೆ ನಿಮಗೆ ಅರ್ಜಿ ಇಟ್ಟುಕೊಂಡು ಕೂರುವಾಗ ಮಾತ್ರ ಇರುತ್ತದೆ.

ಆದ್ದರಿಂದ ಔಷಧಿ ಬೇಡ. ಜೆಸಿಬಿ ತಂದರೂ ಇಡೀ ಕೆರೆ ಒಂದೇ ಸಲ ಬಳಿಯಬೇಡಿ, ಹುಳು ಜಾಸ್ತಿ ಇರುವ ಒಂದು ಪಟ್ಟಿ ಬಿಡಿ, ಅಲ್ಲಿಂದ ಅವು ಹೊಸ ಗಿಡಕ್ಕೆ ಹರಡುತ್ತವೆ. ಕೊಳಚೆ ನೀರು ಬಿಡುವ ಪೈಪ್ ಮೊದಲು ಮುಚ್ಚಿ. ಆ ಗೊಬ್ಬರಕ್ಕೆ ಗಿಡ ಎಷ್ಟು ಬೇಗ ಚಿಗುರುತ್ತದೆ ಅಂದರೆ ಹುಳು ತಿಂದಷ್ಟೂ ಹೊಸ ಎಲೆ ಬರುತ್ತದೆ. ಹಿಂದಿನ ಸಲ ತೆಗೆದ ಕಳೆ ಏರಿ ಮೇಲೇ ಬಿದ್ದಿತ್ತು, ಮಳೆ ಬಂದು ಅರ್ಧ ವಾಪಸ್ ನೀರಿಗೇ ಹೋಯಿತು. ಏರಿ ದೀಪ ಉರಿಯುತ್ತಿಲ್ಲ. ಬೇಲಿ ಮುರಿದಿದೆ. ಸೊಳ್ಳೆಗೆ ಹೊಗೆ ಹಾಕುವ ಗಾಡಿ ಬರುತ್ತದೆ ಅಂತ ಕೇಳಿದ್ದೇವೆ, ನೋಡಿಲ್ಲ.

ಸುಮ್ನೆ 'ಪರಿಶೀಲಿಸಲಾಗುವುದು' ಅಂತ ಬರೆಯಬೇಡಿ. ಪೈಪ್ ಯಾವ ದಿನ ಮುಚ್ಚುತ್ತೀರಿ, ಔಷಧಿಯ ಗುತ್ತಿಗೆ ಯಾವಾಗ ರದ್ದು ಮಾಡುತ್ತೀರಿ, ಇವೆರಡಕ್ಕೂ ತಾರೀಖು ಹಾಕಿ ಉತ್ತರ ಕೊಡಿ. ಈ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕುವ ತನಕ ನಾವು ಕೌಂಟರ್ ಬಿಟ್ಟು ಹೋಗುವುದಿಲ್ಲ.

ಇಂತಿ,
ಕೆರೆ ಸುತ್ತಲಿನ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)