ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಹೃದಯವನ್ನು ಪೂರ್ತಿ ನೋಡಲಿ

ಮಾನ್ಯ ಸಂಪಾದಕರೇ,

ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯ ಬಸುರಿಯರು ಐದನೇ ತಿಂಗಳ ಸ್ಕ್ಯಾನ್‌ಗೆ ದಾವಣಗೆರೆಗೆ ಬರುತ್ತಾರೆ. ತಾಯಿ ಕಾರ್ಡಿನೊಳಗೆ ಮಡಚಿಟ್ಟುಕೊಂಡು ಹೋಗುವ ರಿಪೋರ್ಟಿನಲ್ಲಿ ಮಗುವಿನ ಹೃದಯದ ಬಗ್ಗೆ ಎಷ್ಟೋ ಸಲ ಇರುವುದು ಇಷ್ಟೇ: ನಾಲ್ಕು ಕೋಣೆ ಕಾಣುತ್ತಿವೆ, ಬಡಿತ ಸರಿಯಿದೆ. ಹೆರಿಗೆ ವಾರ್ಡಿನಲ್ಲಿ ಬಹುಕಾಲ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಇಷ್ಟು ಸಾಲದು ಎಂದು ಹೇಳಲೇಬೇಕಾಗಿದೆ.

ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟುವ ಮಕ್ಕಳಿದ್ದಾರೆ. ನಾಲ್ಕು ಕೋಣೆಗಳನ್ನಷ್ಟೇ ನೋಡಿದರೆ ಇಂಥ ಹೃದಯ ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತದೆ. ಹೊಟ್ಟೆಯ ಮೇಲಿಟ್ಟು ಸ್ಕ್ಯಾನ್ ಮಾಡುವ ಪ್ರೋಬನ್ನು ಇನ್ನಷ್ಟು ಮೇಲಕ್ಕೆ ಸರಿಸಿದಾಗ ಮಾತ್ರ, ಒಂದನ್ನೊಂದು ದಾಟಿ ಹೋಗಬೇಕಾದ ನಾಳಗಳು ಪಕ್ಕಪಕ್ಕದಲ್ಲೇ ಸಾಗಿರುವುದು ತಿಳಿಯುತ್ತದೆ. ಹೊಟ್ಟೆಯೊಳಗಿರುವಷ್ಟು ದಿನ ಮಗುವಿಗೆ ತೊಂದರೆಯಿಲ್ಲ. ಹುಟ್ಟುವಾಗ ತೂಕವೂ ಚೆನ್ನಾಗಿರುತ್ತದೆ, ಜೋರಾಗಿ ಅಳುತ್ತದೆ. ಆದರೆ ಗರ್ಭದಲ್ಲಿ ತೆರೆದಿದ್ದ ಡಕ್ಟಸ್ ಎಂಬ ಪುಟ್ಟ ನಾಳ ಮುಚ್ಚಿಕೊಳ್ಳುತ್ತ ಬಂದಂತೆ ತುಟಿ, ಉಗುರು ನೀಲಿಗಟ್ಟುತ್ತವೆ. ಆಮೇಲೆ ಬೆಂಗಳೂರಿಗೆ ಓಟ, ಸುಮಾರು 260 ಕಿಲೋಮೀಟರ್. ಹಾಗೆ ಆಂಬುಲೆನ್ಸ್ ಹತ್ತಿಸಿ ಕಳಿಸಿದ ಕೂಸುಗಳಲ್ಲಿ ಕೆಲವು ಬದುಕಿ ಬರಲಿಲ್ಲ.

ಮೊದಲೇ ಗೊತ್ತಿದ್ದರೆ ಹೆರಿಗೆಯನ್ನೇ ಮಕ್ಕಳ ಹೃದಯದ ಆಪರೇಷನ್ ಮಾಡುವ ಊರಿನಲ್ಲಿ ಮಾಡಿಸಬಹುದು. ಹುಟ್ಟಿದ ಕೂಡಲೇ ಪ್ರೋಸ್ಟಗ್ಲಾಂಡಿನ್ ಡ್ರಿಪ್ ಕೊಟ್ಟು ಡಕ್ಟಸ್ ನಾಳ ಮುಚ್ಚದಂತೆ ತಡೆದು, ಮೊದಲ ವಾರಗಳಲ್ಲೇ ಆಪರೇಷನ್ ಮಾಡುತ್ತಾರೆ. ಪ್ಯಾರಿಸ್ಸಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಲೆಕ್ಕ ಸಮೇತ ತೋರಿಸಿತು. ಈ ದೋಷ ಹುಟ್ಟಿದ ಮೇಲೆ ಪತ್ತೆಯಾದ 250 ಮಕ್ಕಳಲ್ಲಿ 15 ಮಕ್ಕಳು ಆಪರೇಷನ್‌ಗೂ ಮುಂಚೆ ತೀರಿಕೊಂಡಿದ್ದರು. ಗರ್ಭದಲ್ಲೇ ಪತ್ತೆಯಾದ 68 ಮಕ್ಕಳಲ್ಲಿ ಒಂದೂ ಇಲ್ಲ. ಪ್ರಸೂತಿ ಅಲ್ಟ್ರಾಸೌಂಡಿನ ಅಂತರರಾಷ್ಟ್ರೀಯ ಸಂಘಟನೆಯ 2013ರ ಮಾರ್ಗಸೂಚಿಯಲ್ಲೂ ನಾಲ್ಕು ಕೋಣೆಗಳ ಜೊತೆಗೆ ಹೊರಹೋಗುವ ನಾಳಗಳನ್ನು ನೋಡಬೇಕೆಂದಿದೆ.

ಯಾರನ್ನೂ ಹೆದರಿಸಲು ಬರೆಯುತ್ತಿಲ್ಲ. ನೂರಕ್ಕೆ ಸುಮಾರು ಒಂದು ಮಗುವಿಗೆ ಹುಟ್ಟಿನಿಂದಲೇ ಹೃದಯದೋಷವಿರುತ್ತದೆ. ಅದರಲ್ಲಿ ತಾನಾಗಿಯೇ ಮುಚ್ಚಿಕೊಳ್ಳುವ ಸಣ್ಣ ರಂಧ್ರಗಳೂ ಬಹಳ. ಆದರೆ ಗರ್ಭ ಧರಿಸುವ ಮುಂಚೆಯೇ ಸಕ್ಕರೆ ಕಾಯಿಲೆ ಇದ್ದವರು, ಮೊದಲ ಮಗುವಿಗೆ ಹೃದಯದೋಷ ಇದ್ದವರು, ರಕ್ತಸಂಬಂಧದಲ್ಲಿ ಮದುವೆಯಾದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಿಗೆ 18ರಿಂದ 24 ವಾರದೊಳಗೆ ಫೀಟಲ್ ಎಕೋ, ಅಂದರೆ ಗರ್ಭದಲ್ಲಿರುವ ಮಗುವಿನ ಹೃದಯವನ್ನೇ ವಿವರವಾಗಿ ನೋಡುವ ಸ್ಕ್ಯಾನ್, ಆಗಬೇಕು. ‘ಸ್ಕ್ಯಾನ್ ಏಳನೇ ತಿಂಗಳಿಗೆ ಮಾಡಿಸಿದರಾಯಿತು’ ಎನ್ನುವ ಮನೆ ಹಿರಿಯರಿಗೆ ಆಶಾ ಕಾರ್ಯಕರ್ತೆಯರು ಇದನ್ನು ಬಿಡಿಸಿ ಹೇಳಲಿ.

ಇನ್ನೊಂದು ಮಾತು. 1994ರ ಕಾಯ್ದೆಯ ಭಯಕ್ಕೆ ಕೆಲವು ಕಡೆ ತಾಯಿಯ ಹತ್ತಿರ ಏನೂ ಮಾತಾಡದೆ ರಿಪೋರ್ಟ್ ಕೈಗಿಡುತ್ತಾರೆ. ಆ ಕಾಯ್ದೆ ತಡೆದಿರುವುದು ಮಗು ಗಂಡೋ ಹೆಣ್ಣೋ ಎಂದು ಹೇಳುವುದನ್ನು. ಹೃದಯದ ವಿಷಯವನ್ನು ಅವಳ ಭಾಷೆಯಲ್ಲಿ, ಅವಳಿಗೆ ಅರ್ಥವಾಗುವ ಹಾಗೆ ಹೇಳಲು ಯಾವ ಅಡ್ಡಿಯೂ ಇಲ್ಲ.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ಕೋರಿಕೆ: ಪ್ರತಿ ರಿಪೋರ್ಟಿನಲ್ಲೂ ಎರಡೂ ದೊಡ್ಡ ನಾಳಗಳನ್ನು ನೋಡಿದ್ದರ ಬಗ್ಗೆ ಬರೆಯುವುದು ಕಡ್ಡಾಯವಾಗಲಿ. ಸಂಶಯ ಬಂದರೆ ಕೆಲವು ಸೆಕೆಂಡಿನ ವಿಡಿಯೊವನ್ನು ಬೆಂಗಳೂರಿನ ತಜ್ಞರಿಗೆ ಕಳಿಸಿ ಅಭಿಪ್ರಾಯ ಪಡೆಯುವ ಏರ್ಪಾಡು ಮಾಡಲಿ. ಬಡ ತಾಯಿಗೆ ಒಂದು ಪ್ರಯಾಣದ ಖರ್ಚಾದರೂ ಉಳಿಯುತ್ತದೆ. ಹುಟ್ಟಿದ ಪ್ರತಿ ಮಗುವಿನ ಬಲಗೈ ಮತ್ತು ಪಾದದಲ್ಲಿ ಆಮ್ಲಜನಕದ ಮಟ್ಟ ನೋಡಿದ ಮೇಲೆಯೇ ಮನೆಗೆ ಕಳಿಸಲಿ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಕ್ಲಿಪ್ ಇದಕ್ಕೆ ಆಗದು, ನವಜಾತ ಶಿಶುವಿಗೆಂದೇ ಇರುವ ಆಮ್ಲಜನಕ ಅಳೆಯುವ ಪ್ರೋಬ್ ಬೇಕು.

ನಮ್ಮೂರಿನಲ್ಲೇ ಎರಡು ವೈದ್ಯಕೀಯ ಕಾಲೇಜುಗಳಿವೆ. ಸ್ಕ್ಯಾನ್‌ನಲ್ಲಿ ಪತ್ತೆಯಾದವೆಷ್ಟು, ತಪ್ಪಿಹೋಗಿ ಹುಟ್ಟಿದ ಮೇಲೆ ಗೊತ್ತಾದವೆಷ್ಟು ಎಂಬುದನ್ನು ಅವರು ಜಿಲ್ಲಾ ಆಸ್ಪತ್ರೆಯೊಂದಿಗೆ ಸೇರಿ ಒಂದೇ ದಾಖಲೆಯಲ್ಲಿ ಬರೆದಿಟ್ಟು ವರ್ಷಕ್ಕೊಮ್ಮೆ ಪ್ರಕಟಿಸಲಿ. ಯಾವ ತಾಲ್ಲೂಕಿನಲ್ಲಿ ಸ್ಕ್ಯಾನ್ ಮಾಡುವವರಿಗೆ ಹೆಚ್ಚಿನ ತರಬೇತಿ ಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ.

– ನಿವೃತ್ತ ಸ್ಟಾಫ್ ನರ್ಸ್, ದಾವಣಗೆರೆ